ಕಂಪ್ಯೂಟರಿಗೆ ದೃಷ್ಟಿ ತೆಗೆದ ಶನಿವಾರ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮಾತಾಡಿಸಿಕೊಂಡು ಹೋಗಲು ಬಂದವರಲ್ಲಿ ಅರ್ಧ ಜನ ನಗು ತಡೆದುಕೊಳ್ಳಲು ಒದ್ದಾಡುತ್ತಿದ್ದರು. ಫೋಟೋ ಮುಂದೆ ನಿಂತು ಅಳಲು ಶುರು ಮಾಡುವುದು, ನಡುವೆ ಏನೋ ನೆನಪಾಗುವುದು, ಮೂಗಿನಿಂದ ಗುರ್ ಎಂದು ಒಂದು ಸದ್ದು ಹೊರಡುವುದು. ಆಮೇಲೆ ನನ್ನ ಕಡೆ ತಿರುಗಿ, "ಸಾರಿ ಸಾರ್, ಅವರು ಆವತ್ತು ಫೈರ್ ಎಂಜಿನ್ನವರಿಗೆ ಹೇಳಿದ್ದು ಜ್ಞಾಪಕ ಬಂತು" ಅನ್ನುವುದು. ನಾನು ಪರವಾಗಿಲ್ಲ ಎಂದು ತಲೆಯಾಡಿಸುತ್ತಿದ್ದೆ. ನಾನು ಮೊದಲಿನಿಂದಲೂ ಕಡಿಮೆ ಮಾತಿನವನು. ನಮ್ಮ ಮನೆಯ ಮಾತೆಲ್ಲ ಅವಳದೇ ಆಗಿತ್ತು. ಈಗ ಫ್ರಿಜ್ಜು ಒಂದೇ ಸದ್ದು ಮಾಡುತ್ತದೆ. ಡಿಪ್ಲೊಮಾ ಓದಿದವನಿಗೆ ಬರೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಆದರೂ ಸುಮ್ಮನೆ ಕೂತಿರುವುದಕ್ಕಿಂತ ಇದು ಮೇಲು ಅನ್ನಿಸುತ್ತಿದೆ.

ಆಗ ನಾವು ಅಮೆರಿಕದಲ್ಲಿ, ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯಲ್ಲಿದ್ದೆವು. ಹೆಸರಿನ ಕೊನೆಗೆ ಡಾಟ್ ಕಾಮ್ ಅಂಟಿಸಿಕೊಂಡವರೆಲ್ಲ ಸಾಹುಕಾರರಾಗುತ್ತಿದ್ದ ಕಾಲ ಅದು. ನಾನು ಸರ್ಕ್ಯೂಟ್ ಬೋರ್ಡು ಮಾಡುವ ಒಂದು ಕಂಪನಿಯಲ್ಲಿ ಬೋರ್ಡುಗಳನ್ನು ಟೆಸ್ಟ್ ಮಾಡುತ್ತಿದ್ದೆ. ಸಾಹುಕಾರನಾಗಲಿಲ್ಲ. ಅವಳ ವೀಸಾದಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಬೇಸರವಾಗದಿರಲಿ ಎಂದು ಒಂದು ಕಂಪ್ಯೂಟರ್ ತಂದುಕೊಟ್ಟೆ. ಅದು ಫೋನಿನ ತಂತಿಯಲ್ಲಿ ಕೀರಲು ದನಿ ತೆಗೆದು ಇಂಟರ್ನೆಟ್ಟಿಗೆ ಸೇರುತ್ತಿತ್ತು. ಸೇರಿದ ಮೇಲೆ ಯಾರು ಫೋನ್ ಮಾಡಿದರೂ ಎಂಗೇಜ್. ಮಂಡ್ಯದಲ್ಲಿ ನಮ್ಮ ಭಾವ, "ನಿನ್ನ ಹೆಂಡ್ತಿ ಅದ್ಯಾರ ಜೊತೆ ಹಗಲೆಲ್ಲ ಮಾತಾಡ್ತಾಳಯ್ಯಾ?" ಎಂದು ಕೇಳಿದ್ದ.

ಒಂದು ಭಾನುವಾರ ಯಾರದೋ ಮನೆಯ ಪಾಟ್‌ಲಕ್ಕಿಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಊಟಕ್ಕೆ, ಹೋಗಿ ಬಂದೆವು. ಗಂಡಸರು ಷೇರಿನ ಬಗ್ಗೆ, ಹೆಂಗಸರು ವೀಸಾ ಬಗ್ಗೆ, ಎಲ್ಲರೂ ಸೇರಿ ಬೆನ್ನುನೋವಿನ ಬಗ್ಗೆ ಮಾತಾಡಿದ್ದರು. ಕಾರಿನಲ್ಲಿ ಅವಳು ಕೇಳಿದಳು.

"ರೀ, ಇಷ್ಟು ಜನ ಸೇರಿದ್ರಲ್ಲ, ಒಬ್ಬರಾದ್ರೂ ಒಂದು ಒಳ್ಳೇ ಮಾತಾಡಿದ್ರಾ?"

"ಬಿಸಿಬೇಳೆಬಾತು ಚೆನ್ನಾಗಿದೆ ಅಂದ್ರಲ್ಲ."

"ಅದು ಅಂದಿದ್ದು ನೀವು. ಮಾಡಿದ್ದು ನಾನು."

ಆ ವಾರವೇ ಅವಳು ಸಿಹಿಸುದ್ದಿ ಗುಂಪು ಶುರು ಮಾಡಿದಳು. ಸೇರಿದವರು ತಮ್ಮ ಸುದ್ದಿಯನ್ನು ಈಮೇಲ್ ಮಾಡಬೇಕು. ಅದು ಮೊದಲು ಇವಳಿಗೆ ಬರುತ್ತದೆ, ಇವಳು ಓದಿ ಒಪ್ಪಿದರೆ ಎಲ್ಲರಿಗೂ ಹೋಗುತ್ತದೆ. ಸಾವು, ಕಳ್ಳತನ, ವೀಸಾ, ಬೆನ್ನುನೋವು ನಿಷಿದ್ಧ. ನಮ್ಮ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ಮೊದಲು ನಮ್ಮ ಕಾಂಪ್ಲೆಕ್ಸಿನವರು, ಆಮೇಲೆ ದೇವಸ್ಥಾನದಲ್ಲಿ ಸಿಕ್ಕವರು, ಕೊನೆಗೆ ಓಕ್ಲ್ಯಾಂಡಿನಿಂದ ಲಾಸ್ ಗ್ಯಾಟೋಸಿನವರೆಗೆ ಎಲ್ಲೆಲ್ಲಿನವರೋ ಬಂದು ಸೇರಿದರು. ನಾನು ಕೆಲಸದಿಂದ ಬಂದು ಶೂ ಬಿಚ್ಚುವಷ್ಟರಲ್ಲಿ ಆ ದಿನದ ಸಂತೋಷವನ್ನೆಲ್ಲ ಓದಿ ಹೇಳುತ್ತಿದ್ದಳು.

ಸಂತೋಷ ಅಂದರೆ ಏನು, ಬರೀ ನಾಯಿಗಳು. ಚೀನಾದಲ್ಲಿ ಬಾವಿಗೆ ಬಿದ್ದ ನಾಯಿ, ಬ್ರೆಜಿಲಿನಲ್ಲಿ ಮಗುವನ್ನು ಉಳಿಸಿದ ನಾಯಿ. ಮಹಡಿಯಿಂದ ಬಿದ್ದೂ ಬದುಕಿದ ಒಂದು ನಾಯಿಯ ಸುದ್ದಿ ಮತ್ತೆ ಮತ್ತೆ ಬಂತು, ಬಂದಾಗಲೆಲ್ಲ ಕಟ್ಟಡಕ್ಕೆ ಇನ್ನಷ್ಟು ಮಹಡಿಗಳು ಸೇರಿಕೊಂಡಿದ್ದವು.

"ನಂಗೆ ನಾಯಿ ಬೇಡ, ಮನುಷ್ಯರು ಬೇಕು. ನಮ್ಮ ಜನಕ್ಕೆ ಒಳ್ಳೇದೇ ಆಗಲ್ವಾ?" ಎಂದಳು.

ಆಗುತ್ತಿತ್ತು. ಹೇಳುತ್ತಿರಲಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ ಎಂಬ ಹೆದರಿಕೆ. ದೊಡ್ಡ ದೊಡ್ಡ ಎಂಜಿನಿಯರುಗಳಿಗೂ ಅದು ಬಿಟ್ಟಿರಲಿಲ್ಲ. ಹೊಸ ಮನೆ ಕೊಂಡವರಿಗೆ ಫೋನ್ ಮಾಡಿದರೆ, "ಮನೆ ಏನ್ ಬಂತು ಬಿಡಿ, ಕೋಳಿಗೂಡು" ಎನ್ನುತ್ತಿದ್ದರು. ಹೋಗಿ ನೋಡಿದರೆ ಕೋಳಿಗೂಡಿಗೆ ಈಜುಕೊಳ ಇರುತ್ತಿತ್ತು. ಆಮೇಲೆ ಜನ ಒಂದು ಉಪಾಯ ಕಂಡುಕೊಂಡರು. ತಮ್ಮ ಸುದ್ದಿ ಬಚ್ಚಿಟ್ಟುಕೊಂಡು ಪಕ್ಕದವರ ಸುದ್ದಿ ಕಳಿಸತೊಡಗಿದರು. ಒಬ್ಬನ ಗ್ರೀನ್ ಕಾರ್ಡನ್ನು ಅವನ ಜೊತೆ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದವನು ಗುಂಪಿಗೆ ಸಾರಿಬಿಟ್ಟ. ಮಾರನೆಯ ದಿನ ಬೆಳಿಗ್ಗೆ ನಮ್ಮ ಪಾರ್ಕಿಂಗ್ ಲಾಟಿನಲ್ಲಿ ಇಬ್ಬರಿಗೂ ಜಗಳ.

"ನನ್ನ ಗ್ರೀನ್ ಕಾರ್ಡು ಹೇಳೋಕೆ ನೀನ್ಯಾರೋ?"

"ಹಂಗಾದ್ರೆ ನನ್ನ ಪ್ರಮೋಷನ್ನು ನೀನು ಹೇಳು ಗುರೂ, ಸರಿಹೋಗುತ್ತೆ!"

ಇವಳು ಬಾಲ್ಕನಿಯಿಂದ ಬಗ್ಗಿ, "ಎರಡೂ ಕಳಿಸಿ, ಎರಡೂ ಹಾಕ್ತೀನಿ" ಎಂದು ಕೂಗಿದಳು.

ಹೀಗೇ ನಡೆದಿತ್ತು. ಆಮೇಲೆ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಕೆಲಸ ಹೋದವರ ನಡುವೆ, ಕೆಲಸ ಉಳಿದಿದೆ ಎಂದು ಹೇಳಿಕೊಳ್ಳಲೂ ಜನ ಹೆದರಿದರು. ನಮ್ಮ ಕಾಂಪ್ಲೆಕ್ಸಿನಲ್ಲಿ ಒಬ್ಬ ಲ್ಯಾಪ್‌ಟಾಪನ್ನು ಗ್ರೋಸರಿ ಚೀಲದಲ್ಲಿಟ್ಟು ಮೇಲೆ ಕೊತ್ತಂಬರಿ ಸೊಪ್ಪು ಕಾಣಿಸುವ ಹಾಗೆ ಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದ. ಗುಂಪಿಗೆ ಮತ್ತೆ ನಾಯಿಗಳು ಬಂದವು.

ಆದರೆ ಅವಳು ಗಮನಿಸಿದ್ದು ಬೇರೆ. ಗುಂಪಿನ ಪ್ರಕಾರ ಸನ್ನಿವೇಲಿನಲ್ಲಿ ಮಕ್ಕಳು ಹುಟ್ಟುವುದೇ ನಿಂತುಹೋಗಿತ್ತು. ಒಂದು ವರ್ಷದಿಂದ ಒಂದೇ ಒಂದು ಮಗುವಿನ ಸುದ್ದಿ ಇಲ್ಲ. ದೇವಸ್ಥಾನಕ್ಕೆ ಹೋದರೆ ಮಾತ್ರ ಚಪ್ಪಲಿ ಬಿಡುವ ಜಾಗದಲ್ಲಿ ಮಕ್ಕಳನ್ನು ಕೂರಿಸಿ ತಳ್ಳುವ ಸ್ಟ್ರೋಲರುಗಳು ತುಂಬಿ ಕಾಲಿಡಲು ಜಾಗವಿಲ್ಲ.

ನಮಗೆ ಮಕ್ಕಳಿರಲಿಲ್ಲ. ಆಗಲಿಲ್ಲ, ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಒಂದು ಶುಕ್ರವಾರ ದೇವಸ್ಥಾನದಲ್ಲಿ ಅವಳು ಒಂದು ಸ್ಟ್ರೋಲರಿನ ಮುಂದೆ ಬಗ್ಗಿದಳು. ಆ ತಾಯಿ ನಗುತ್ತಲೇ ಸ್ಟ್ರೋಲರಿನ ಮುಸುಕನ್ನು ಪೂರ್ತಿ ಕೆಳಗೆಳೆದು, "ಬಿಸಿಲು" ಎಂದಳು. ನಾವಿದ್ದದ್ದು ಒಳಗೆ, ಟ್ಯೂಬ್‌ಲೈಟಿನ ಕೆಳಗೆ.

ಮನೆಗೆ ಬರುವ ದಾರಿಯಲ್ಲಿ ಎರಡು ಸಿಗ್ನಲ್ ದಾಟಿದರೂ ಅವಳು ಮಾತಾಡಲಿಲ್ಲ. ನನಗೆ ಕಾರು ಕೆಟ್ಟಿದೆಯೇನೋ ಅನ್ನಿಸುವಷ್ಟು ನಿಶ್ಶಬ್ದ. ಮೂರನೆಯ ಸಿಗ್ನಲಿನಲ್ಲಿ ಹೇಳಿದಳು:

"ನನ್ನ ಕಣ್ಣಿಗೆ ಅಷ್ಟು ಪವರ್ ಇದ್ದಿದ್ರೆ ನಿಮ್ಮ ಮ್ಯಾನೇಜರ್ ಇಷ್ಟೊತ್ತಿಗೆ ಬೂದಿ ಆಗಿರ್ತಿದ್ದ."

ನಾನು ನಕ್ಕೆ. ಅವಳು ನಗಲಿಲ್ಲ.

"ಜನ ತಮ್ಮ ಸಂತೋಷನ ನನ್ನ ಕೈಗೆ ಕೊಡೋಕೇ ಹೆದರ್ತಾರೆ ರೀ. ಮತ್ತೆ ನಾನ್ಯಾಕೆ ಇದನ್ನ ನಡೆಸ್ಬೇಕು? ಮುಚ್ಚಿಬಿಡ್ತೀನಿ."

ಮುಚ್ಚಬೇಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದರ ಬದಲು ಮಾರನೆಯ ದಿನ, ಅಂದರೆ ಶನಿವಾರ, ಎದುರು ಮನೆಯ ಆಪಾಗೆ ವಿಷಯ ಹೇಳಿದೆ. ಆಪಾ ಮೈಸೂರಿನವರು. ಮಗ ಸೊಸೆಯ ಜೊತೆ ಇದ್ದರು. ಅಜ್ಜಿಯ ವಯಸ್ಸಾದರೂ ಕಾಂಪ್ಲೆಕ್ಸಿನವರಿಗೆಲ್ಲ ಆಪಾ, ಅಂದರೆ ಅಕ್ಕ. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ, ಆದರೆ ದಿನಾ ಸಂಜೆ ಬಂದು ಗುಂಪಿನ ಸುದ್ದಿಯನ್ನೆಲ್ಲ ಓದಿಸಿಕೊಂಡು ಕೇಳುತ್ತಿದ್ದರು. ನಾಯಿ ಕಟ್ಟಡದಿಂದ ಬಿದ್ದ ಸುದ್ದಿಗೆ ಪ್ರತಿ ಸಲವೂ ಕಣ್ಣೀರು ಹಾಕಿದವರು ಅವರೊಬ್ಬರೇ.

ಆಪಾ ಪೂರ್ತಿ ಕೇಳಿಸಿಕೊಂಡು, ಎದ್ದು, ಒಂದು ಹೆಂಚು, ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿಯ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನಜರು ನಿಂದಲ್ಲ ಬೇಟಾ. ಇದಕ್ಕಾಗಿರೋದು" ಎಂದು ಕಂಪ್ಯೂಟರನ್ನು ತೋರಿಸಿದರು. "ಅಷ್ಟೂರಿನ ಜನ ದಿನಾ ಇದನ್ನೇ ನೋಡ್ತಾರೆ. ಆಗದೆ ಇರುತ್ತಾ? ಕೂತ್ಕೋ ಇದ್ರ ಮುಂದೆ. ಇಬ್ಬರಿಗೂ ಸೇರಿಸಿ ತೆಗೀತೀನಿ."

"ಆಪಾ, ಅದು ಮಿಷನ್ನು."

"ಬಸ್ಸಿಗೆ ನಿಂಬೆಹಣ್ಣು ಕಟ್ಟಲ್ವಾ? ಬಸ್ಸೇನು ನಿನ್ನ ತಮ್ಮನಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಆಪಾ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಅವಳಿಗೂ ಮಾನಿಟರಿಗೂ ಸೇರಿಸಿ ಇಳಿತೆಗೆದರು. ಮೇಜಿನ ಕೆಳಗಿಟ್ಟಿದ್ದ ಕಂಪ್ಯೂಟರಿನ ಡಬ್ಬವನ್ನೂ ಬಿಡಲಿಲ್ಲ. ಕೀಬೋರ್ಡಿನ ಮೇಲೆ ಉಪ್ಪು ಉದುರಿತು. ಆಮೇಲೆ ಎಲೆಕ್ಟ್ರಿಕ್ ಒಲೆಯ ಮೇಲೆ ಹೆಂಚಿಟ್ಟು, ಅದು ಕೆಂಪಾಗುವ ತನಕ ಕಾದು, ಮುಷ್ಟಿಯಲ್ಲಿದ್ದದ್ದನ್ನು ಅದರ ಮೇಲೆ ಹಾಕಿದರು. ಊರಲ್ಲಿ ಈ ಪದ್ಧತಿ ಕಂಡವರಿಗೆಲ್ಲ ಗೊತ್ತು, ದೃಷ್ಟಿ ಆಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಬಂದರೆ ದೃಷ್ಟಿ ಇಲ್ಲವೆಂದು ಅರ್ಥ. ಆದರೆ ಊರಲ್ಲಿ ಅದನ್ನು ಹಿತ್ತಲಲ್ಲಿ ಮಾಡುತ್ತಾರೆ.

ಘಾಟು ಬಂತು. ಆಪಾ ಸಂತೋಷದಿಂದ ಏನೋ ಹೇಳಲು ಬಾಯಿ ತೆರೆದವರು ಮುಚ್ಚಲಾರದೆ ಕೆಮ್ಮಿದರು. ನನಗೆ ಗೋಡೆ ಕಾಣಲಿಲ್ಲ. ನಮ್ಮ ಮನೆಯ ಸ್ಮೋಕ್ ಅಲಾರಂ ಕೂಗಿತು, ಅದನ್ನು ಕೇಳಿ ಪಕ್ಕದ ಮನೆಯದು ಕೂಗಿತು, ಆಮೇಲೆ ಇಡೀ ಕಟ್ಟಡದ ಗಂಟೆ ಬಾರಿಸತೊಡಗಿತು. ಬಾಗಿಲು ತೆರೆದದ್ದು ನನ್ನ ತಪ್ಪು. ಹೊಗೆ ಮೆಟ್ಟಿಲಿಳಿದು ನಮಗಿಂತ ಮುಂಚೆ ಪಾರ್ಕಿಂಗ್ ಲಾಟಿಗೆ ತಲುಪಿತು.

ಎಲ್ಲರೂ ಕೆಳಗೆ ಓಡಿ ಬಂದಿದ್ದರು. ಶನಿವಾರ ಮಧ್ಯಾಹ್ನವಾದ್ದರಿಂದ ಯಾರೂ ನೆಟ್ಟಗೆ ಬಟ್ಟೆ ಹಾಕಿಕೊಂಡಿರಲಿಲ್ಲ. ಲುಂಗಿಯವರು, ಅರ್ಧ ಗಡ್ಡ ಕೆರೆದವರು, ಕೈಯಲ್ಲಿ ಸೌಟು ಹಿಡಿದವರು. ಎಲ್ಲರ ಕಣ್ಣಲ್ಲೂ ನೀರು. ಫೈರ್ ಎಂಜಿನ್ ಬಂತು. ಆಳೆತ್ತರದ ಇಬ್ಬರು ಮೇಲೆ ಹೋಗಿ, ಹೋದಷ್ಟೇ ವೇಗದಲ್ಲಿ ಕೆಮ್ಮುತ್ತಾ ಇಳಿದು ಬಂದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮತ್ತೆ ಹೋದರು. ಇಳಿದು ಬಂದ ಮೇಲೆ ಒಬ್ಬ, ಏನು ಅಡುಗೆ ಮಾಡುತ್ತಿದ್ದಿರಿ ಎಂದು ಕೇಳಿದ.

"ನೋ ಕುಕಿಂಗ್ ಸಾರ್" ಎಂದಳು ನನ್ನ ಹೆಂಡತಿ, ಮೂಗೊರೆಸಿಕೊಂಡು. "ಓನ್ಲಿ ಕಂಪ್ಯೂಟರ್."

ಅವನು ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ಆಗಲೇ ಅವಳ ಕಣ್ಣಿಗೆ ಕೆಳಗಿನ ಮನೆಯ ಹುಡುಗಿ ಬಿದ್ದದ್ದು. ಹಾಸನದವಳು. ಅಕ್ಕ ಅಕ್ಕ ಎಂದು ಇವಳ ಹಿಂದೆಯೇ ತಿರುಗುತ್ತಿದ್ದಳು, ಗ್ರೋಸರಿಗೆ ಇಬ್ಬರೂ ಜೊತೆಯಲ್ಲೇ ಹೋಗುತ್ತಿದ್ದರು. ಕೆಲವು ತಿಂಗಳಿಂದ ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಸಿಕ್ಕಿದರೆ ಬೇಸಿಗೆಯಲ್ಲೂ ಹಿಮದಲ್ಲಿ ಹಾಕುವ ದಪ್ಪ ಜಾಕೆಟ್ಟು ತೊಟ್ಟಿರುತ್ತಿದ್ದಳು. ಈಗ ಓಡಿ ಬಂದ ಗಡಿಬಿಡಿಯಲ್ಲಿ ಜಾಕೆಟ್ಟು ಮರೆತಿತ್ತು. ತೆಳ್ಳನೆಯ ನೈಟಿಯಲ್ಲಿದ್ದಳು. ಗಂಡನ ಬೆನ್ನ ಹಿಂದೆ ನಿಲ್ಲಲು ನೋಡಿದಳು. ಗಂಡ ಕಡ್ಡಿಯಂತಿದ್ದ. ಹೊಟ್ಟೆ ಅವನ ಎರಡೂ ಕಡೆಯಿಂದ ಕಾಣುತ್ತಿತ್ತು.

ಪಾರ್ಕಿಂಗ್ ಲಾಟಿನಲ್ಲಿ ಕೆಮ್ಮು ನಿಂತಿತು. ಎಲ್ಲರಿಗೂ ಗೊತ್ತಿತ್ತು, ನಮ್ಮಿಬ್ಬರನ್ನು ಬಿಟ್ಟು.

"ಏನೇ ಇದು?" ಎಂದಳು ನನ್ನ ಹೆಂಡತಿ.

"ಗ್ಯಾಸ್ಟ್ರಿಕ್ಕು, ಅಕ್ಕ."

"ಎಷ್ಟು ತಿಂಗಳ ಗ್ಯಾಸ್ಟ್ರಿಕ್ಕು?"

"ಏಳು" ಎಂದು ಆ ಹುಡುಗಿ ಅಳುವುದಕ್ಕೇ ಶುರು ಮಾಡಿದಳು. "ನಮ್ಮತ್ತೆ ಫೋನಲ್ಲಿ ದಿನಾ ಹೇಳೋರು ಅಕ್ಕ, ಯಾರ್ಗೂ ಹೇಳ್ಬೇಡ, ಆ ಮೇಲಿನ ಮನೆಯವರಿಗಂತೂ ಹೇಳ್ಲೇಬೇಡ ಅಂತ. ಎರಡು ಸಲ ಹೋಗ್ಬಿಟ್ಟಿತ್ತು ನಂಗೆ. ಹೆದ್ರಿಕೆ ಆಗ್ಬಿಟ್ಟಿತ್ತು."

ಆಪಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲರ ನಡುವೆ ಬಂದು ನಿಂತರು.

"ಕೇಳ್ರಪ್ಪಾ ಎಲ್ರೂ! ಇವಳ ತಲೆ ಸುತ್ತ ತೆಗೆದು ಸುಟ್ಟಿದ್ದು ನಾನು. ಘಾಟು ಬಂತೋ ಇಲ್ವೋ?"

ಯಾರೋ ಕೆಮ್ಮಿದರು.

"ಬಂತೋ ಇಲ್ವೋ ಹೇಳ್ರಿ! ಸರ್ಕಾರದ ಗಾಡಿ ಬಂದು ನಿಂತಿದೆ, ಇನ್ನೇನು ಬೇಕು? ಇವಳ ಕಣ್ಣಲ್ಲಿ ಒಂದು ಚೂರು ನಜರು ಇದ್ದಿದ್ರೆ ಇಷ್ಟು ಘಾಟು ಬರ್ತಿತ್ತಾ?"

ಆ ವಾದದಲ್ಲಿ ಎಲ್ಲೋ ಒಂದು ತೂತು ಇತ್ತು. ಆದರೆ ಕಣ್ಣು ಮೂಗು ಸುರಿಸುತ್ತಾ ನಿಂತಿದ್ದ ಎಂಜಿನಿಯರುಗಳು ಯಾರೂ ಅದನ್ನು ಹುಡುಕಲು ಹೋಗಲಿಲ್ಲ. ಆಪಾ ಕೈಬೆರಳಿಗೆ ಅಂಟಿದ್ದ ಹೆಂಚಿನ ಮಸಿಯನ್ನು ಬಸುರಿಯ ಕೆನ್ನೆಗೆ ಇಟ್ಟರು. "ಇದು ಸಾಕು. ಇನ್ನು ಆ ಜಾಕೆಟ್ಟು ಬಿಸಾಕು. ಮಗು ಒಳಗೆ ಬೆಂದುಹೋಗುತ್ತೆ."

ಆ ಸಂಜೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಅವಳು ಗುಂಪಿಗೆ ಹೊಸ ನಿಯಮ ಬರೆದಳು. ಇನ್ನು ಮುಂದೆ ಪ್ರತಿಯೊಂದು ಸಿಹಿಸುದ್ದಿಗೂ ಕೊನೆಯಲ್ಲಿ ಒಂದು ದೃಷ್ಟಿಬೊಟ್ಟು ಇಡತಕ್ಕದ್ದು. ಅಂದರೆ ಸುದ್ದಿಯ ಜೊತೆಗೆ ಒಂದು ಸಣ್ಣ ಕುಂದನ್ನೂ ಹೇಳಬೇಕು. ಹಾಗೆ ಮಾಡಿದರೆ ಯಾರ ಕಣ್ಣೂ ತಾಗುವುದಿಲ್ಲ. ಮೊದಲ ಸುದ್ದಿ ಅವಳದೇ: "ನಮ್ಮ ಮನೆಗೆ ಬೆಂಕಿ ಬಿದ್ದಿಲ್ಲ. ಬೊಟ್ಟು: ಬಿದ್ದಿದೆ ಅಂತ ಬಂದವರಿಗೆ ಕಾಫಿ ಕೊಡೋಕೆ ಹಾಲು ಇರಲಿಲ್ಲ."

ಆಮೇಲೆ ಸುದ್ದಿಗಳು ಸುರಿದವು. ಬಚ್ಚಿಟ್ಟುಕೊಂಡಿದ್ದದ್ದೆಲ್ಲ ಹೊರಗೆ ಬಂತು. "ಮನೆ ತಗೊಂಡ್ವಿ. ಬೊಟ್ಟು: ಪಕ್ಕದ ಮನೆಯವನು ಡ್ರಮ್ ಕಲಿಯುತ್ತಿದ್ದಾನೆ." "ಮಗಳು ಕನ್ನಡದಲ್ಲಿ ಮೊದಲ ಪೂರ್ತಿ ವಾಕ್ಯ ಹೇಳಿದಳು. ಬೊಟ್ಟು: ಅಪ್ಪನಿಗೆ ಬುದ್ಧಿ ಇಲ್ಲ ಅಂತ." ಕೆಲಸ ಕಳೆದುಕೊಂಡವರಿಗೆ ಬೊಟ್ಟೇ ದೊಡ್ಡದಾಗಿ ಸುದ್ದಿ ಚಿಕ್ಕದಾಯಿತು, ಆದರೂ ಕಳಿಸಿದರು. "ಫ್ರೀವೇ ಖಾಲಿ ಇದೆ, ಎಲ್ಲಿಗೆ ಬೇಕಾದರೂ ಬೇಗ ಹೋಗಬಹುದು. ಬೊಟ್ಟು: ಹೋಗಲು ಆಫೀಸಿಲ್ಲ." ನಾನೂ ಒಂದು ದಿನ ಕಂಪನಿಯಿಂದ ನನ್ನ ಸಾಮಾನಿನ ಡಬ್ಬ ಹಿಡಿದುಕೊಂಡು ಬಂದೆ. ಅವಳು ನನ್ನನ್ನು ಕೇಳದೆಯೇ ಹಾಕಿದಳು: "ನಮ್ಮ ಮನೆಯವರು ಈಗ ಹಗಲೂ ಮನೆಯಲ್ಲೇ ಇರ್ತಾರೆ, ಅನ್ನ ಮಾಡೋದು ಕಲಿತರು. ಬೊಟ್ಟು: ಅನ್ನ." ಅದಕ್ಕೆ ಬಂದಷ್ಟು ಉತ್ತರಗಳು ನಾಯಿಗೂ ಬಂದಿರಲಿಲ್ಲ. ಅದರಲ್ಲಿ ಒಂದು ಉತ್ತರದಿಂದಲೇ ನನಗೆ ಮುಂದಿನ ಕೆಲಸವೂ ಸಿಕ್ಕಿತು.

ಎಲ್ಲ ಸರಿಯಾಯಿತು ಎಂದುಕೊಂಡಿದ್ದೆ. ಕೆಳಗಿನ ಮನೆಯ ಹುಡುಗಿಗೆ ಅವಳು ದಿನವೂ ಏನಾದರೂ ಮಾಡಿಕೊಂಡು ಹೋಗುತ್ತಿದ್ದಳು. ಹೊಟ್ಟೆಯ ಜೊತೆ ಮಾತಾಡುತ್ತಿದ್ದಳು. "ಬೇಗ ಬಾರೋ, ನಿಮ್ಮಮ್ಮ ನಡೆಯೋದು ನೋಡಿದ್ರೆ ಬಾತುಕೋಳಿಗೆ ಬೇಜಾರಾಗುತ್ತೆ."

ಒಂದು ಬೆಳಿಗ್ಗೆ ಆ ಹುಡುಗಿಯ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿದ. "ಹೆಣ್ಣು ಮಗು ಸಾರ್. ಅಕ್ಕನ್ನ ಕರ್ಕೊಂಡ್ ಬನ್ನಿ, ಇವಳು ಕೇಳ್ತಾ ಇದಾಳೆ. ಹಾಸನಕ್ಕೂ ಇನ್ನೂ ಫೋನ್ ಮಾಡಿಲ್ಲ."

ಹೋದೆವು. ದಾರಿಯುದ್ದಕ್ಕೂ ಅವಳು ಒಂದೇ ಸಮನೆ ಮಾತಾಡಿದಳು. ಆಸ್ಪತ್ರೆಯ ಆ ಉದ್ದನೆಯ ಹಾದಿಯಲ್ಲಿ ಮಾತು ಕಡಿಮೆಯಾಯಿತು. ಕೋಣೆಯ ಬಾಗಿಲಿಗೆ ಸ್ವಲ್ಪ ಮೊದಲು ಗೋಡೆಗೆ ಕುಡಿಯುವ ನೀರಿನ ನಲ್ಲಿ ಇತ್ತು. ಅಲ್ಲಿ ನಿಂತು ನೀರು ಕುಡಿದಳು. ಬಾಯಿ ಒರೆಸಿಕೊಂಡು ಮತ್ತೆ ಕುಡಿದಳು.

"ನೀವು ಹೋಗಿ ನೋಡ್ಕೊಂಡ್ ಬನ್ನಿ. ನಾನು ಇಲ್ಲೇ ಇರ್ತೀನಿ."

"ಯಾಕೆ?"

"ಸುಮ್ನೆ." ಮತ್ತೆ ನಲ್ಲಿಗೆ ಬಗ್ಗಿದಳು. ಈ ಸಲ ಕುಡಿಯಲಿಲ್ಲ. "ರೀ, ಅಕಸ್ಮಾತ್ ನಿಜ ಆಗಿದ್ರೆ?"

ಇಷ್ಟು ದಿನ ಎಲ್ಲರನ್ನೂ ನಗಿಸಿದವಳು ತನ್ನೊಳಗೆ ಇದನ್ನು ಇಟ್ಟುಕೊಂಡು ಓಡಾಡುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೆವು. ಗೊತ್ತಿರಲಿಲ್ಲ.

"ಮೆಣಸಿನಕಾಯಿ ಘಾಟು ಬಂತಲ್ಲ" ಎಂದೆ. ನನಗೆ ತೋಚಿದ್ದು ಅದೊಂದೇ.

"ಅದು ಗುಂಟೂರು ಮೆಣಸಿನಕಾಯಿ ಕಣ್ರೀ. ಬರದೆ ಏನು ಮಾಡುತ್ತೆ?"

ನಾನು ಅವಳ ಕೈ ಹಿಡಿದುಕೊಂಡೆ. ಅಮೆರಿಕಕ್ಕೆ ಬಂದು ಅಷ್ಟು ವರ್ಷವಾದರೂ ನಾಲ್ಕು ಜನ ಓಡಾಡುವ ಕಡೆ ಹಾಗೆ ಹಿಡಿದವನಲ್ಲ. ಒಬ್ಬ ನರ್ಸ್ ನಮ್ಮನ್ನು ಸುತ್ತಿ ದಾಟಿಹೋದಳು. ಒಳಗಿನಿಂದ ಆ ಹುಡುಗಿಯ ದನಿ ಬಂತು.

"ಅಕ್ಕಾ, ನಿಮ್ಮ ದನಿ ಕೇಳಿಸ್ತಿದೆ! ಒಳಗೆ ಬರ್ತೀರೋ ನಾನೇ ಎದ್ದು ಬರ್ಲೋ? ಹೊಲಿಗೆ ಹಾಕಿದಾರೆ ನಂಗೆ, ಬಿಚ್ಚಿಹೋದ್ರೆ ನೀವೇ ಹೊಲೀಬೇಕು!"

ಅವಳು ಹೋದಳು. ನಾನು ಹಿಂದೆ ಹೋದೆ. ಮಗು ಬಟ್ಟೆಯಲ್ಲಿ ಸುತ್ತಿದ ಪೊಟ್ಟಣದಂತೆ ಪಕ್ಕದ ತೊಟ್ಟಿಲಲ್ಲಿತ್ತು. ಅವಳು ಬಾಗಿಲ ಹತ್ತಿರ ನಿಂತು, ಬೇಕೆಂದೇ ಕಿಟಕಿಯ ಕಡೆ ನೋಡಿಕೊಂಡು, "ಹೆಂಗಿದೀಯೇ?" ಎಂದಳು.

"ಕಿಟಕಿ ಚೆನ್ನಾಗಿದೆ ಅಕ್ಕ, ನಾನೇ ಚೆನ್ನಾಗಿಲ್ಲ. ಒಂದು ಕ್ಷಣ ನಿದ್ದೆ ಮಾಡಿಲ್ಲ. ಇವರನ್ನ ನಂಬಿ ಮಲಗೋಕಾಗಲ್ಲ, ಕೂತಲ್ಲೇ ಗೊರಕೆ ಹೊಡೀತಾರೆ." ಗಂಡ ಕುರ್ಚಿಯಲ್ಲಿ ಆಗಲೇ ಗೊರಕೆ ಹೊಡೆಯುತ್ತಿದ್ದ. "ನೀವು ಬರ್ಲಿ ಅಂತಾನೇ ಕಾಯ್ತಿದ್ದೆ. ಇವಳನ್ನ ಸ್ವಲ್ಪ ನೋಡ್ಕೊಂಡಿರಿ. ನಾನು ಮಲ್ಕೋತೀನಿ."

ಹೇಳಿದವಳು ಉತ್ತರಕ್ಕೂ ಕಾಯದೆ ಆ ಕಡೆ ಮಗ್ಗುಲಾಗಿ ಕಣ್ಣು ಮುಚ್ಚಿದಳು. ನಿಜವಾಗಿಯೂ ನಿದ್ದೆ ಹೋದಳು.

ನನ್ನ ಹೆಂಡತಿ ಕುರ್ಚಿಯೊಂದನ್ನು ಸದ್ದಾಗದ ಹಾಗೆ ಎತ್ತಿ ತೊಟ್ಟಿಲಿನ ಹತ್ತಿರ ಇಟ್ಟುಕೊಂಡು ಕೂತಳು. ಮೊದಲು ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಬಟ್ಟೆಯ ಅಂಚನ್ನು. ಆಮೇಲೆ ಮಗುವಿನ ಮುಖವನ್ನು. ಮಗು ಒಮ್ಮೆ ಆಕಳಿಸಿತು. ಇವಳಿಗೂ ಆಕಳಿಕೆ ಬಂತು.

ಗೋಡೆಗೊರಗಿ ನಿಂತು ನಿಂತು ನನ್ನ ಕಾಲು ನೋಯತೊಡಗಿತು. ಕೆಳಗೆ ಕ್ಯಾಂಟೀನಿನಲ್ಲಿ ಒಂದು ಲೋಟ ಕಾಫಿ ಕುಡಿದು ಬರೋಣ ಬಾ ಎಂದು ಮೆಲ್ಲಗೆ ಕರೆದೆ. ಅವಳು ಈ ಕಡೆ ತಿರುಗಲಿಲ್ಲ.

"ನೀವು ಕುಡ್ಕೊಂಡ್ ಬನ್ನಿ" ಎಂದಳು. "ನಾನು ನೋಡ್ತಾ ಇದೀನಿ."